ತಾತ್ಕಾಲಿಕ ಪಾಲನೆಯಲ್ಲಿ ಮನೆನಾಯಿಯ ಪಾತ್ರ

ರಕ್ಷಿಸಿದ ನಾಯಿಗೆ ಶಾಶ್ವತ ಮನೆ ದೊರೆಯುವವರೆಗೆ ಕುಟುಂಬವೊಂದು ಆಶ್ರಯ ನೀಡುವುದೇ ತಾತ್ಕಾಲಿಕ ಪಾಲನೆ. 1991ರಲ್ಲಿ ಸ್ಥಾಪನೆಯಾದ ಕ್ಯೂಪಾ ಮೊದಲಾದ ಸಂಸ್ಥೆಗಳು ಬೆಂಗಳೂರಿನಲ್ಲಿ ನಾಯಿಗಳ ರಕ್ಷಣೆಯಲ್ಲಿ ತೊಡಗಿವೆ. ಉತ್ತರಹಳ್ಳಿಯಂತಹ ಬಡಾವಣೆಯ ಬೀದಿಯಲ್ಲಿ ಬೆಳೆದ ನಾಯಿಗೆ ಮಿಕ್ಸಿಯ ಸದ್ದು, ನುಣುಪಾದ ನೆಲ, ಮುಚ್ಚಿದ ಬಾಗಿಲು ಎಲ್ಲವೂ ಹೊಸತು. ಚಾಚಿದ ಕೈಯೂ ಹೊಡೆಯಲು ಬಂದಂತೆಯೇ ತೋರಬಹುದು. ಆ ಕೈಯತ್ತ ಮನೆನಾಯಿ ನಿರ್ಭಯವಾಗಿ ಹೋಗುವುದನ್ನು ಅದು ದೂರದಿಂದ ಗಮನಿಸುತ್ತದೆ. ಮನುಷ್ಯರ ಸಾಂತ್ವನಕ್ಕಿಂತ ಈ ನೋಟವೇ ಹಲವೊಮ್ಮೆ ಹೆಚ್ಚು ಫಲಕಾರಿ.

ಪಾರ್ವೊ ವೈರಾಣು ಸೋಂಕಿನ ಲಕ್ಷಣ ಕಾಣಿಸಿಕೊಳ್ಳಲು 14 ದಿನಗಳವರೆಗೂ ಹಿಡಿಯಬಹುದಾದುದರಿಂದ ಮೊದಲು ಪ್ರತ್ಯೇಕವಾಸ ಅಗತ್ಯ. ಬಳಿಕ ಎರಡನ್ನೂ ಮನೆಯ ಹೊರಗೆ, ಸರಪಳಿ ಸಹಿತ ಭೇಟಿ ಮಾಡಿಸಲಾಗುತ್ತದೆ. ಊಟದ ತಟ್ಟೆಗಳು ಬೇರೆಯಾಗಿರಬೇಕು. ವೃದ್ಧ ಅಥವಾ ಅಸ್ವಸ್ಥ ಮನೆನಾಯಿಯ ಮೇಲೆ ಈ ಹೊಣೆ ಹೊರಿಸುವುದು ಸಲ್ಲದು. ಮನೆನಾಯಿಯನ್ನೇ ಪೂರ್ಣವಾಗಿ ಅವಲಂಬಿಸಿದ ಅತಿಥಿ ದತ್ತುಮನೆಯಲ್ಲಿ ಮತ್ತೆ ಕಂಗೆಡಬಹುದು. ಆದುದರಿಂದ ದಿನವೂ ಸ್ವಲ್ಪ ಹೊತ್ತು ಅದನ್ನು ಮನುಷ್ಯರೊಂದಿಗೆ ಮಾತ್ರ ಇರಿಸಲಾಗುತ್ತದೆ.