ತಿರುಗಲೊಲ್ಲದ ತಟ್ಟೆ

ಕಂಪ್ಲಿ ಕಡೆಯ ಊರುಗಳಲ್ಲಿ ಗದ್ದೆಯ ಪಂಪ್‌ಸೆಟ್ ಚಾಲೂ ಮಾಡಿದ ಕ್ಷಣದಲ್ಲಿ ಹತ್ತಿರದ ಮನೆಯ ಬಲ್ಬು ಒಮ್ಮೆ ಮಂಕಾಗಿ ಮತ್ತೆ ಬೆಳಗುವುದನ್ನು ನೀವು ನೋಡಿರುತ್ತೀರಿ. ಅದನ್ನು ನೋಡಿ ಬೆಳೆದ ಹುಡುಗನೊಬ್ಬನಿಗೆ ಅದೇ ಸಂಗತಿ ತನ್ನ ಅಂಗೈಯಷ್ಟಗಲದ ಯಂತ್ರದೊಳಗೆ ಎದುರಾದಾಗ ಗುರುತು ಹತ್ತಲಿಲ್ಲ. ನನಗೂ ಕೂಡಲೇ ಹತ್ತಲಿಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೇಳುತ್ತೇನೆ.

ಆತ ಒಂಬತ್ತನೆಯ ತರಗತಿಯವನು. ಒಂದು ಸಂಜೆ ಪ್ಲಾಸ್ಟಿಕ್ ಊಟದ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲೆ ತಂದಿಟ್ಟ. ಮುಚ್ಚಳದಲ್ಲಿ ಚೌಕಾಕಾರದ ತೂತು ಕೊರೆದು ಪುಟ್ಟ ಪರದೆ ಕೂರಿಸಿದ್ದ. ಅಕ್ಕಪಕ್ಕ ಹಳೆಯ ವಿಡಿಯೋ ಗೇಮಿನಿಂದ ಕಿತ್ತ ಗುಂಡಿಗಳು. ಒಳಗೆ ರಾಸ್ಪ್‌ಬೆರಿ ಪೈ ಎಂಬ ಸಣ್ಣ ಕಂಪ್ಯೂಟರ್ ಬೋರ್ಡು, ಎರಡು ಲಿಥಿಯಂ ಸೆಲ್ಲು, ಮತ್ತು ಮನೆಯಲ್ಲಿ ಕೆಟ್ಟು ಮೂಲೆ ಸೇರಿದ್ದ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್. ಆಟಗಳೆಲ್ಲ ಆ ಡಿಸ್ಕಿನಲ್ಲಿ.

"ಸರ್, ಮೊದ್ಲೆರಡು ದಿನ ನಡೀತು. ಈಗ ತಿರುಗಾಕ ಶುರು ಮಾಡತೈತಿ, ಟಿಕ್ ಅಂತೈತಿ, ನಿಂತುಬಿಡತೈತಿ" ಎಂದ. ಕಿವಿಗೆ ಹಿಡಿದು ಕೇಳಿದೆ. ಗುಯ್ ಎಂದು ಏರುವ ಸದ್ದು, ಒಂದು ಟಿಕ್, ಮೌನ, ಮತ್ತೆ ಅದೇ.

"ಇದರಾಗ ಆಟ ಬಿಟ್ಟು ಬೇರೇನಾದರೂ ಐತೇನಪ್ಪಾ?" ಎಂದು ಕೇಳಿದೆ. ಹುಡುಗ ತಲೆ ತಗ್ಗಿಸಿದ. ತೀರಿಕೊಂಡ ಅಜ್ಜಿಯ ಫೋಟೋಗಳೆಲ್ಲ ಅದರಲ್ಲೇ ಇದ್ದವಂತೆ. ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ. ಮನೆಯಲ್ಲಿ ಹೇಳಿರಲಿಲ್ಲ.

ಆಟದ ಮಾತು ಅಲ್ಲಿಗೇ ನಿಂತಿತು. ಡಿಸ್ಕನ್ನು ಬಿಚ್ಚಿ ಶಾಲೆಯ ಮೇಜಿನ ಕಂಪ್ಯೂಟರಿಗೆ ಜೋಡಿಸಿದೆವು. ಒಂದೇ ಉಸಿರಿಗೆ ತಿರುಗಿತು! ಫೋಟೋಗಳನ್ನು ಎರಡು ಕಡೆ ನಕಲು ಮಾಡಿಕೊಂಡ ಮೇಲೆಯೇ ನಮ್ಮಿಬ್ಬರಿಗೂ ಚಹಾ ರುಚಿಸಿದ್ದು. ಡಿಸ್ಕು ಆರೋಗ್ಯವಾಗಿದೆ, ಅದಕ್ಕೆ ಸಿಗುತ್ತಿದ್ದ ಊಟ ಸಾಲದು ಎಂಬುದೂ ಆಗಲೇ ಖಚಿತವಾಯಿತು.

ಮೇಜಿನ ಕಂಪ್ಯೂಟರಿನ ಮೂರೂವರೆ ಅಂಗುಲದ ಡಿಸ್ಕಿಗೆ ಎರಡು ಬಗೆಯ ವಿದ್ಯುತ್ ಬೇಕು: ಮೋಟಾರಿಗೆ 12 ವೋಲ್ಟ್, ಮಂಡಲಕ್ಕೆ 5 ವೋಲ್ಟ್. ಲ್ಯಾಪ್‌ಟಾಪಿನ ಎರಡೂವರೆ ಅಂಗುಲದ ಡಿಸ್ಕಿಗೆ 5 ವೋಲ್ಟ್ ಒಂದೇ ಸಾಕು. ಇಂಥ ಪುಟ್ಟ ಡಿಸ್ಕುಗಳು ಮಾರುಕಟ್ಟೆಗೆ ಬಂದದ್ದು 1988ರಲ್ಲಿ. ಬ್ಯಾಟರಿಯ ಮೇಲೆ ನಡೆಸುವವರಿಗೆ ಇದು ದೊಡ್ಡ ಅನುಕೂಲ. ಆದರೆ ಆ 5 ವೋಲ್ಟ್ ಶೇಕಡಾ 5ಕ್ಕಿಂತ ಆಚೀಚೆ ಆಗಬಾರದು. ಎಂದರೆ 4.75ಕ್ಕಿಂತ ಇಳಿದರೆ ಡಿಸ್ಕು ಮುನಿಸಿಕೊಳ್ಳುತ್ತದೆ.

ಈಗ ಪಂಪ್‌ಸೆಟ್ಟಿಗೆ ಬರೋಣ. ತಿರುಗುವ ಮೋಟಾರು ತಾನೂ ಒಂದು ಜನರೇಟರಿನಂತೆ ವರ್ತಿಸಿ, ಬರುವ ವಿದ್ಯುತ್ತಿಗೆ ಎದುರಾಗಿ ವೋಲ್ಟೇಜ್ ಹುಟ್ಟಿಸುತ್ತದೆ. ನಿಂತ ಮೋಟಾರಿನಲ್ಲಿ ಈ ವಿರೋಧವೇ ಇರುವುದಿಲ್ಲ. ಆದ್ದರಿಂದ ಚಾಲೂ ಆಗುವಾಗ ಅದು ಹೆಚ್ಚು ಕರೆಂಟನ್ನು ಎಳೆಯುತ್ತದೆ. ಡಿಸ್ಕಿನೊಳಗಿನ ಚಿಪ್ಪು ಈ ಎಳೆತಕ್ಕೆ ಮಿತಿ ಹಾಕುತ್ತದೆ, ನಿಜ. ಆದರೂ ಓಡುವಾಗ ಸುಮಾರು ಅರ್ಧ ಆಂಪಿಯರ್ ಸಾಕೆನ್ನುವ ಡಿಸ್ಕು, ನಿಂತಲ್ಲಿಂದ ನಿಮಿಷಕ್ಕೆ 5400 ಸುತ್ತಿಗೆ ಏರುವ ಒಂದೆರಡು ಸೆಕೆಂಡು ಸುಮಾರು ಒಂದು ಆಂಪಿಯರ್ ಕೇಳುತ್ತದೆ. ಚೀಟಿಯಲ್ಲಿ ಬರೆದ ಅಂಕಿ ಕೆಲವೊಮ್ಮೆ ಓಡುವ ಲೆಕ್ಕದ್ದು ಮಾತ್ರ. ಅದನ್ನು ನಂಬಿ ಕೆಟ್ಟವರು ಬಹಳ.

ಹುಡುಗ ಬಳಸಿದ್ದು 7805 ಎಂಬ ಮೂರು ಕಾಲಿನ ರೆಗ್ಯುಲೇಟರು. ನಮ್ಮ ಕಾಲದಿಂದಲೂ ರೇಡಿಯೋ ರಿಪೇರಿಯವರ ಡಬ್ಬಿಯಲ್ಲಿ ಸಿಗುವ ಗಟ್ಟಿ ಸಾಮಾನು. ಆದರೆ 5 ವೋಲ್ಟ್ ಕೊಡಬೇಕಾದರೆ ತನಗೆ ಸುಮಾರು 7 ವೋಲ್ಟ್ ಬೇಕೆನ್ನುತ್ತದೆ. ಸರಣಿಯಲ್ಲಿದ್ದ ಅವನ ಎರಡು ಸೆಲ್ಲು ತುಂಬಿದಾಗ 8.4 ವೋಲ್ಟ್, ಸಾಮಾನ್ಯವಾಗಿ 7.4, ಭಾರ ಬಿದ್ದಾಗ ಇನ್ನೂ ಕಡಿಮೆ. ಬೋರ್ಡು ಮತ್ತು ಪರದೆಗೇ ಒಂದು ಆಂಪಿಯರ್ ಹೋಗುತ್ತಿತ್ತು. ಅದರ ಮೇಲೆ ಡಿಸ್ಕಿನ ಎಳೆತ ಸೇರಿದರೆ ಎರಡು. 7805ರ ಯೋಗ್ಯತೆ ಒಂದೂವರೆ. ಸಾಲದ್ದಕ್ಕೆ ಹೆಚ್ಚುವರಿ ವೋಲ್ಟೇಜನ್ನೆಲ್ಲ ಅದು ಬಿಸಿಯಾಗಿ ಸುಟ್ಟು ಕಳೆಯುತ್ತದೆ. ಹೊಸದಾಗಿ ಚಾರ್ಜ್ ಮಾಡಿದಾಗ ಹೇಗೋ ನಡೆದು, ಆಮೇಲೆ ಕೈಕೊಟ್ಟದ್ದರ ಗುಟ್ಟು ಇಷ್ಟೇ. ಮಲ್ಟಿಮೀಟರ್ ಹಿಡಿದರೆ ಸುಮ್ಮನಿದ್ದಾಗ 4.9 ತೋರಿಸಿ, ಟಿಕ್ ಎನ್ನುವ ಹೊತ್ತಿಗೆ 4.3ಕ್ಕೆ ಬೀಳುತ್ತಿತ್ತು. ಮೀಟರು ನಿಧಾನದ್ದು; ನಿಜವಾದ ಕುಸಿತ ಇನ್ನೂ ಆಳವಿದ್ದೀತು.

"ಕೆಪಾಸಿಟರ್ ಹಾಕೀನಲ್ಲ ಸರ್, ಸಾವಿರ ಮೈಕ್ರೋಫ್ಯಾರಡ್!" ಎಂದು ಹುಡುಗ ವಾದಿಸಿದ. ಅಂಗಡಿಯವರು ಹೇಳಿದ್ದಂತೆ. ಕಪ್ಪು ಹಲಗೆಯ ಮೇಲೆ ಲೆಕ್ಕ ಹಾಕಿಸಿದೆ. 5ರಿಂದ 4.75ಕ್ಕೆ ಇಳಿಯುವಷ್ಟರಲ್ಲಿ ಆ ಕೆಪಾಸಿಟರ್ ಕೊಡಬಲ್ಲ ವಿದ್ಯುದಂಶ 0.001 ಗುಣಿಲೆ 0.25, ಅಂದರೆ 0.00025 ಕೂಲಂಬ್. ಒಂದು ಆಂಪಿಯರ್ ಕೊರತೆಯನ್ನು ಒಂದು ಸೆಕೆಂಡು ತುಂಬಲು ಬೇಕಾದದ್ದು ಒಂದು ಕೂಲಂಬ್. ಅಂದರೆ ಅಂಥ ನಾಲ್ಕು ಸಾವಿರ ಕೆಪಾಸಿಟರುಗಳು! ತುಂಗಭದ್ರೆಯ ಕಾಲುವೆಗೆ ಕೊಡದಲ್ಲಿ ನೀರು ಹೊತ್ತಂತೆ. ಹಾಗೆಂದು ಅದು ನಿರುಪಯೋಗಿ ಅಲ್ಲ. ಕಣ್ಣೆವೆ ಇಕ್ಕುವುದಕ್ಕಿಂತ ಚುರುಕಾದ ಸಣ್ಣ ಕುಸಿತಗಳನ್ನು ಅದು ತಡೆಯುತ್ತದೆ. ಡಿಸ್ಕಿನ ಪಕ್ಕದಲ್ಲೇ ಇರಲಿ ಎಂದೆ.

7805 ತೆಗೆದು, ವೋಲ್ಟೇಜ್ ಇಳಿಸುವ ಸ್ವಿಚಿಂಗ್ ಮಾಡ್ಯೂಲು ಹಾಕಿದೆವು. ಅದರಲ್ಲಿರುವ ಎಲ್‌ಎಂ2596 ಚಿಪ್ಪು 3 ಆಂಪಿಯರ್‌ವರೆಗೆ ಕೊಡಬಲ್ಲದು. ಸೆಕೆಂಡಿಗೆ ಸುಮಾರು ಒಂದೂವರೆ ಲಕ್ಷ ಸಲ ವಿದ್ಯುತ್ತನ್ನು ಹಾಕಿ ತೆಗೆದು ಮಾಡುತ್ತದೆ. ಸುರುಳಿಯೊಂದು ಆ ತುಣುಕುಗಳನ್ನು ಬೆಸೆದು ಸಮನಾದ ಹರಿವು ಮಾಡುತ್ತದೆ. ಬಿಸಿಯಾಗಿ ಪೋಲಾಗುವುದು ಕಡಿಮೆ. ಮಾಡ್ಯೂಲಿನ ತಿರುಪನ್ನು ಮೊದಲೇ ತಿರುಗಿಸಿ, ಮೀಟರಿನಲ್ಲಿ 5.1 ನೋಡಿಕೊಂಡ ಮೇಲೆಯೇ ಡಿಸ್ಕಿಗೆ ಜೋಡಿಸಬೇಕು. ಮರೆತರೆ ಡಿಸ್ಕಿಗೆ ತಿಥಿ.

ಆದರೂ ಟಿಕ್ ಎಂದಿತು! ತಪ್ಪು ತಂತಿಯದಾಗಿತ್ತು. ಕೂದಲೆಳೆಯಂಥ ಉದ್ದನೆಯ ತಂತಿಯಲ್ಲಿ ಹೋಗಿ ಬರುವ ಹಾದಿಯ ರೋಧ ಕಾಲು ಓಮ್ ಇದ್ದರೂ, ಒಂದು ಆಂಪಿಯರಿಗೆ ಕಾಲು ವೋಲ್ಟ್ ಅಲ್ಲೇ ಖರ್ಚು. ದಪ್ಪ, ಗಿಡ್ಡ ತಂತಿಯನ್ನು ಮಾಡ್ಯೂಲಿನಿಂದ ನೇರವಾಗಿ ಡಿಸ್ಕಿಗೆ ಬೇರೆಯಾಗಿ ಎಳೆದಾಗ ತಟ್ಟೆ ನಿಲ್ಲದೆ ತಿರುಗಿತು. ಓಮನ ನಿಯಮ ಪರೀಕ್ಷೆಗಷ್ಟೇ ಎಂದುಕೊಂಡವರಿಗೆ ಇಂಥದ್ದೊಂದು ತಂತಿ ತೋರಿಸಬೇಕು.

ಇಷ್ಟೆಲ್ಲ ಒದ್ದಾಟ ಬೇಕೇ, ಮೆಮೊರಿ ಕಾರ್ಡು ಸಾಲದೇ ಎಂದು ಪಾಲಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರೊಡನೆ ರೂಪಿಸಿ 2001ರಲ್ಲಿ ತೋರಿಸಿದ ಅಂಗೈ ಕಂಪ್ಯೂಟರು 'ಸಿಂಪ್ಯೂಟರ್'. ಅದರಲ್ಲಿ ತಿರುಗುವ ಡಿಸ್ಕೇ ಇರಲಿಲ್ಲ, ಫ್ಲ್ಯಾಶ್ ಮೆಮೊರಿ ಮಾತ್ರ. ಅದೇ ವರ್ಷ ಅಮೆರಿಕದ ಆಪಲ್ ಕಂಪನಿ 5 ಗಿಗಾಬೈಟಿನ ಪುಟ್ಟ ಡಿಸ್ಕಿಟ್ಟು ಐಪಾಡ್ ಎಂಬ ಹಾಡಿನ ಯಂತ್ರ ಮಾಡಿತು. ಅವರ ಜಾಣತನ ಎಲ್ಲಿತ್ತೆಂದರೆ, ಹಾಡುಗಳನ್ನು 32 ಮೆಗಾಬೈಟಿನ ಮೆಮೊರಿಗೆ ಒಮ್ಮೆಗೇ ತುಂಬಿಕೊಂಡು ಡಿಸ್ಕನ್ನು ಮಲಗಿಸುತ್ತಿದ್ದರು. ನಮ್ಮ ಹುಡುಗನಿಗೆ ಡಿಸ್ಕು ಪುಕ್ಕಟೆ ಸಿಕ್ಕಿತ್ತು. ಅವನ ಕಾರಣ ಅಷ್ಟೇ.

ಆತ ಸಂಡೂರಿನಿಂದ ಬಸ್ಸಿನಲ್ಲಿ ಬರುವವನು. ಬಸ್ಸಿನಲ್ಲಿ ಆಡಕೂಡದೆಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ. ತಟ್ಟೆಯ ಮೇಲೆ ಓದುವ ಮುಳ್ಳು ತೇಲುವುದು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಕುಲುಕಾಟವನ್ನು ಅದು ತಾಳಲಾರದು. ಹಠಾತ್ತನೆ ಕರೆಂಟು ಹೋದರೆ ಮಾತ್ರ ಡಿಸ್ಕು ತನ್ನನ್ನು ಕಾಪಾಡಿಕೊಳ್ಳುವ ಸೊಗಸು ನೋಡಿ: ಇನ್ನೂ ಸುತ್ತುತ್ತಿರುವ ಮೋಟಾರೇ ಜನರೇಟರಾಗಿ, ಆ ಕೊನೆಯ ವಿದ್ಯುತ್ತಿನಲ್ಲಿ ಮುಳ್ಳನ್ನು ಸುರಕ್ಷಿತ ಜಾಗಕ್ಕೆ ಎಳೆದಿಡುತ್ತದೆ. ಬರೆಯುತ್ತಿದ್ದ ಮಾಹಿತಿ ಮಾತ್ರ ಉಳಿಯುವ ಭರವಸೆಯಿಲ್ಲ.

ಪಾಲಕರು ನಿಜವಾಗಿ ಗಮನಿಸಬೇಕಾದದ್ದು ಲಿಥಿಯಂ ಸೆಲ್ಲು. ಉಬ್ಬಿದ, ತುಕ್ಕು ಹಿಡಿದ ಸೆಲ್ಲನ್ನು ಮುಟ್ಟಬೇಡಿ. ರಕ್ಷಣಾ ಮಂಡಲವಿಲ್ಲದೆ ಜೋಡಿಸಕೂಡದು. ಪ್ರತಿ ಸೆಲ್ಲು 4.2 ವೋಲ್ಟ್ ದಾಟದಂಥ ಸರಿಯಾದ ಚಾರ್ಜರೇ ಬೇಕು. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದಂತೂ ಬೇಡವೇ ಬೇಡ. ಈ ಸೆಲ್ಲಿನ ಎರಡು ತುದಿಗಳು ತಾಗಿದರೆ ಬೆಂಕಿಯೇ ಹತ್ತಬಹುದು. ಹುಡುಗನ ತಂದೆಯನ್ನು ಕರೆಸಿ ಇಷ್ಟನ್ನೂ ಹೇಳಿದೆ. ಫೋಟೋದ ಸಂಗತಿಯನ್ನು ಹುಡುಗನೇ ಹೇಳಿದ. ಅವರು ಬೈಯಲಿಲ್ಲ. ನಕಲಿನ ಪೆನ್‌ಡ್ರೈವನ್ನು ಕಿಸೆಗೆ ಹಾಕಿಕೊಂಡು, ಇದು ಎಷ್ಟು ಹೊತ್ತು ನಡೆಯುತ್ತದೆಂದು ಕೇಳಿದರು.

ಲೆಕ್ಕ ಹಾಕಿದೆವು. 2600 ಮಿಲಿಆಂಪಿಯರ್ ಗಂಟೆಯ ಎರಡು ಸೆಲ್ಲುಗಳ ಶಕ್ತಿ ಸುಮಾರು 19 ವಾಟ್ ಗಂಟೆ. ಮಾಡ್ಯೂಲಿನ ದಕ್ಷತೆ ಶೇಕಡಾ 85 ಎಂದರೆ ಕೈಗೆ ಸಿಗುವುದು 16ರ ಸುಮಾರು. ಬೋರ್ಡು, ಪರದೆ, ಡಿಸ್ಕು ಸೇರಿ ಏಳೂವರೆ ವಾಟ್. ಎರಡು ಗಂಟೆಗೆ ತುಸು ಮೇಲೆ. ಮಾರನೆಯ ದಿನ ಹುಡುಗ ಗಡಿಯಾರ ಹಿಡಿದು ಅಳೆದು ಬಂದ: ಒಂದು ಗಂಟೆ ಐವತ್ತು ನಿಮಿಷ. ಉಳಿದ ನಿಮಿಷಗಳು ಎಲ್ಲಿ ಹೋದವು ಎಂದು ಕೇಳಿದ. ಮೀಟರನ್ನು ಅವನ ಕೈಗೇ ಕೊಟ್ಟು ಕಳಿಸಿದ್ದೇನೆ.