ಹುಣಸೂರಿನ ಮಳೆಗೂ ಪೆರುವಿನ ಕಡಲಿಗೂ ಏನು ಸಂಬಂಧ?

2023ರ ಆಗಸ್ಟ್ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮಳೆಗಾಲದ ನಡುವೆ ಬಿಸಿಲು. 1901ರಿಂದ ಇಟ್ಟಿರುವ ದಾಖಲೆಯಲ್ಲಿ ದೇಶಕ್ಕೆ ಅಷ್ಟು ಕಡಿಮೆ ಮಳೆಯಾದ ಆಗಸ್ಟ್ ಇನ್ನೊಂದಿಲ್ಲ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಇದಕ್ಕೆ ಒಂದು ಮುಖ್ಯ ಕಾರಣ ಎಲ್ ನಿನೋ. ಅದು ಹುಟ್ಟುವುದು ಪೆಸಿಫಿಕ್ ಸಾಗರದಲ್ಲಿ.

ಭೂಗೋಳದ ಪುಸ್ತಕದಲ್ಲಿ ಕೆಂಪು, ನೀಲಿ ಬಾಣಗಳಾಗಿ ಕಾಣುವ ಸಾಗರ ಪ್ರವಾಹಗಳು ಕಡಲೊಳಗಿನ ನದಿಗಳಿದ್ದಂತೆ. ಮೇಲ್ಪದರದ ನೀರನ್ನು ತಳ್ಳುವುದು ಮುಖ್ಯವಾಗಿ ಗಾಳಿ. ಭೂಮಿ ತಿರುಗುವುದರಿಂದ ಆ ಹರಿವು ಉತ್ತರ ಗೋಳಾರ್ಧದಲ್ಲಿ ಬಲಕ್ಕೂ ದಕ್ಷಿಣದಲ್ಲಿ ಎಡಕ್ಕೂ ಬಾಗುತ್ತದೆ. ಆಳದಲ್ಲಾದರೆ ತಣ್ಣಗಿನ, ಹೆಚ್ಚು ಉಪ್ಪಿನ ನೀರು ಭಾರವಾಗಿ ಕೆಳಗಿಳಿದು ಬಹಳ ನಿಧಾನವಾಗಿ ಸಾಗುತ್ತದೆ.

ನಮ್ಮ ಅರಬ್ಬೀ ಸಮುದ್ರದಲ್ಲಿ ಒಂದು ವಿಚಿತ್ರವಿದೆ. ಆಫ್ರಿಕಾದ ಕರಾವಳಿಯ ಸೊಮಾಲಿ ಪ್ರವಾಹ ಮಳೆಗಾಲದಲ್ಲಿ ಉತ್ತರಕ್ಕೆ, ಚಳಿಗಾಲದಲ್ಲಿ ದಕ್ಷಿಣಕ್ಕೆ ಹರಿಯುತ್ತದೆ. ಮಾನ್ಸೂನ್ ಗಾಳಿ ದಿಕ್ಕು ಬದಲಿಸಿದಂತೆ ಅದೂ ತಿರುಗುತ್ತದೆ. ಹಿಂದೆ ಅರಬ್ ನಾವಿಕರು ಈ ಗಾಳಿಯನ್ನು ನಂಬಿಯೇ ಮಲಬಾರಿಗೆ ಬಂದು ಹೋಗುತ್ತಿದ್ದರು. 'ಮಾನ್ಸೂನ್' ಪದದ ಮೂಲ ಋತು ಎಂಬ ಅರ್ಥದ ಅರಬ್ಬಿ 'ಮೌಸಿಮ್'. ನಮ್ಮಲ್ಲಿ ಅನೇಕರು ಮನೆಯಲ್ಲಿ ಆಡುವ 'ಮೌಸಮ್' ಕೂಡ ಅದೇ. ಈ ಗಾಳಿ ಹೊತ್ತು ತಂದ ತೇವವೇ ಪಶ್ಚಿಮ ಘಟ್ಟದಲ್ಲಿ ಮಳೆಯಾಗುತ್ತದೆ. ವಯನಾಡಿನಲ್ಲಿ ಸುರಿದರೆ ಎಚ್.ಡಿ. ಕೋಟೆಯ ಕಬಿನಿ ತುಂಬುತ್ತದೆ. ಕೊಡಗಿನಲ್ಲಿ ಸುರಿದರೆ ಹುಣಸೂರಿಗೆ ಲಕ್ಷ್ಮಣತೀರ್ಥ, ಕೆ.ಆರ್. ನಗರಕ್ಕೆ ಕಾವೇರಿ.

ಈಗ ಪೆಸಿಫಿಕ್‌ಗೆ ಬರೋಣ. ಸಾಮಾನ್ಯ ವರ್ಷಗಳಲ್ಲಿ ಅಲ್ಲಿನ ವಾಣಿಜ್ಯ ಮಾರುತಗಳು ಬೆಚ್ಚಗಿನ ನೀರನ್ನು ಪಶ್ಚಿಮಕ್ಕೆ, ಇಂಡೋನೇಷ್ಯಾದ ಕಡೆಗೆ ತಳ್ಳುತ್ತವೆ. ಪೆರುವಿನ ಬಳಿ ಆಳದ ತಣ್ಣೀರು ಮೇಲೆ ಬರುತ್ತದೆ. ಆ ಮಾರುತಗಳು ಸೋತರೆ ಬೆಚ್ಚಗಿನ ನೀರು ಪೂರ್ವಕ್ಕೆ ಸರಿಯುತ್ತದೆ, ಅದರೊಂದಿಗೆ ಮೋಡಗಳೂ ಸರಿಯುತ್ತವೆ. ಭಾರತದ ಮೇಲೆ ಗಾಳಿ ಕೆಳಗಿಳಿಯುವುದು ಹೆಚ್ಚಿ ಮೋಡ ಕಟ್ಟುವುದು ಕಡಿಮೆಯಾಗುತ್ತದೆ. ಇದೇ ಎಲ್ ನಿನೋ.

ಹಾಗಂತ ಎಲ್ ನಿನೋ ಬಂದರೆ ಬರ ಖಂಡಿತ ಎನ್ನುವುದು ತಪ್ಪು. ಟಿವಿಯವರು ಇದನ್ನು ಹೇಳುವುದು ಕಡಿಮೆ. 1997ರಲ್ಲಿ ಬಲವಾದ ಎಲ್ ನಿನೋ ಇತ್ತು, ಆದರೂ ದೇಶದಲ್ಲಿ ಮಳೆ ವಾಡಿಕೆಯಷ್ಟು ಆಯಿತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಹೆಚ್ಚು ಬೆಚ್ಚಗಾಗಿ ಮಾನ್ಸೂನಿಗೆ ಆಸರೆಯಾಯಿತು ಎಂದು ವಿಜ್ಞಾನಿಗಳು ವಿವರಿಸುತ್ತಾರೆ.

ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ಕೊಡುವ ಮುನ್ಸೂಚನೆಯಲ್ಲಿ ಈ ಎರಡೂ ಸಾಗರಗಳ ಸ್ಥಿತಿ ಬರೆದಿರುತ್ತದೆ. ಹುಣಸೂರು, ಪಿರಿಯಾಪಟ್ಟಣದ ಮನೆಗಳಲ್ಲಿ ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕುತ್ತಾ ಮೊದಲ ಮಳೆ ಕಾಯುವ ದಿನಗಳೂ ಅವೇ. ಅದನ್ನು ಓದಿ ಮನೆಯವರಿಗೆ ಹೇಳಬಹುದು.