ಬೂದಿದಿಬ್ಬ: ಕಲ್ಲುಬೆಟ್ಟಗಳ ನಾಡಿನಲ್ಲಿ ದನಗಾಹಿಗಳು ನೆಲೆಯೂರಿದ್ದು ಹೇಗೆ?

ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲಿ ಅಲ್ಲಲ್ಲಿ ಬೂದುಬಣ್ಣದ ದಿಬ್ಬಗಳಿವೆ. ಕುಡತಿನಿಯದು ಹಿಡಿಂಬಾಸುರನನ್ನು ಸುಟ್ಟ ಬೂದಿ, ಹಂಪಿ ಬಳಿಯ ನಿಂಬಾಪುರದ್ದು ವಾಲಿಯ ಚಿತಾಭಸ್ಮ ಎಂದು ಜನ ಹೇಳುತ್ತಾರೆ. ಇದು ನಿಜವಾಗಿ ಸಗಣಿಯ ಬೂದಿ. ನವಶಿಲಾಯುಗದವರು, ಅಂದರೆ ಕಲ್ಲನ್ನು ಉಜ್ಜಿ ನಯವಾದ ಕೊಡಲಿ ಮಾಡುತ್ತಿದ್ದ ಕಾಲದ ದನಗಾಹಿಗಳು, ಸುಮಾರು ನಾಲ್ಕೈದು ಸಾವಿರ ವರ್ಷಗಳ ಹಿಂದೆ ಬಿಟ್ಟುಹೋದದ್ದು.

ಸಗಣಿಯೆಂದು ಹೇಗೆ ಗೊತ್ತಾಯಿತು? 1957ರಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಈಗಿನ ತೆಲಂಗಾಣದ ಉತ್ನೂರಿನಲ್ಲಿ ಇಂಥದೊಂದು ದಿಬ್ಬವನ್ನು ಅಗೆದರು. ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳು ಹಾಗೇ ಉಳಿದಿದ್ದವು. ಸುತ್ತಲೂ ಮರದ ಕಂಬ ನೆಟ್ಟ ಕುಳಿಗಳು. ಅಲ್ಲಿಗೆ ಅದು ದೊಡ್ಡಿಯೆಂಬುದು ಖಚಿತವಾಯಿತು. ದೊಡ್ಡಿಯಲ್ಲಿ ಸಗಣಿ ಗುಡ್ಡೆಯಾಗುತ್ತಿತ್ತು, ಅದಕ್ಕೆ ಬೆಂಕಿ ಇಡುತ್ತಿದ್ದರು, ಮತ್ತೆ ಅದರ ಮೇಲೇ ದನಗಳನ್ನು ಕೂಡಿಹಾಕುತ್ತಿದ್ದರು. ಕೆಲವೆಡೆ ಉರಿ ಎಷ್ಟು ಜೋರಾಗಿತ್ತೆಂದರೆ ಬೂದಿ ಕರಗಿ ಕಿಟ್ಟದಂತೆ ಗಟ್ಟಿಯಾಗಿದೆ.

ಗೊಬ್ಬರವನ್ನು ಯಾಕೆ ಸುಟ್ಟರು? ಮೇವಿಗಾಗಿ ಹೊರಡುವಾಗ, ಮರಳಿದಾಗ ನಡೆಸುತ್ತಿದ್ದ ಆಚರಣೆ ಅದು ಎಂಬುದು ಆಲ್ಚಿನ್ ಊಹೆ. ನಮ್ಮಲ್ಲಿ ಇವತ್ತಿಗೂ ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುತ್ತಾರಲ್ಲ, ಅದನ್ನು ನೆನೆದರೆ ಈ ಮಾತು ನನಗೆ ಒಪ್ಪಿಗೆಯಾಗುತ್ತದೆ.

ಹಾಗಾದರೆ ಇವರು ಬರೀ ಅಲೆಮಾರಿಗಳೇ? ಅಲ್ಲ. ಸುರಪುರ ಭಾಗದ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅಗೆದಾಗ ದೊಡ್ಡಿಯ ಪಕ್ಕದಲ್ಲೇ ಮನೆಗಳು ಸಿಕ್ಕವು. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಸಣ್ಣರಾಚಮ್ಮ ಬೆಟ್ಟದಲ್ಲಿ ತಳದ ಪದರ ಬೂದಿಯದು, ಅದರ ಮೇಲೆ ಹಳ್ಳಿ. ಮೊದಲು ದನದ ಜೊತೆ ಬಂದರು, ಆಮೇಲೆ ನೆಲೆ ನಿಂತರು. ಹುರುಳಿ, ಹೆಸರು, ಕೊರಲೆ ಬೆಳೆದರು. ಬೆಟ್ಟದ ಮೇಲೆಯೇ ಯಾಕೆ? ಬಂಡೆಯ ದೊಣೆಗಳಲ್ಲಿ ಮಳೆನೀರು ನಿಲ್ಲುತ್ತದೆ. ಮೇಲೆ ನಿಂತರೆ ಬಯಲಿನ ದನವೆಲ್ಲ ಕಣ್ಣಿಗೆ ಬೀಳುತ್ತದೆ.

ಈ ಬದುಕಿಗೆ ತೆತ್ತ ಬೆಲೆ ಮೈಮುರಿ ದುಡಿಮೆ. ಬಳ್ಳಾರಿ ಬಳಿಯ ಕುಪ್ಪಗಲ್ಲು ಬೆಟ್ಟದಲ್ಲಿ ಡಾಲೆರೈಟ್ ಎಂಬ ಕಪ್ಪು ಗಟ್ಟಿಕಲ್ಲಿನ ಪಟ್ಟಿ ಹಾದುಹೋಗಿದೆ. ಆ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಆಮೇಲೆ ಬಂಡೆಗೆ ಉಜ್ಜಿ ಉಜ್ಜಿ ಕೊಡಲಿಗೆ ಬಾಯಿ ತರುತ್ತಿದ್ದರು. ಉಜ್ಜಿದ ಜಾಗದ ನುಣುಪು ಗುಳಿಗಳ ಮೇಲೆ ನೀವು ಬೆರಳಾಡಿಸಬಹುದು.

ನೋಡಬೇಕೆನಿಸಿದರೆ ಮೊದಲು ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯಕ್ಕೆ ಹೋಗಿ. ಕೊಡಲಿಗಳನ್ನು ಅಲ್ಲಿ ಕಂಡಿದ್ದರೆ ಬೆಟ್ಟದ ಚಕ್ಕೆಗಳು ತಾವಾಗಿ ಗುರುತು ಸಿಗುತ್ತವೆ. ಸಂಗನಕಲ್ಲು, ಕುಪ್ಪಗಲ್ಲು ಎರಡೂ ಬಳ್ಳಾರಿಯ ಆಸುಪಾಸಿನಲ್ಲೇ ಇವೆ. ಬೇಸಿಗೆ ಬೇಡ, ಬಂಡೆ ಕಾದಿರುತ್ತದೆ. ನೀರು ಒಯ್ಯಿರಿ, ಹಾದಿ ಬಲ್ಲ ಸ್ಥಳೀಯರೊಬ್ಬರನ್ನು ಕರೆದುಕೊಳ್ಳಿ. ಕಲ್ಲುಗಣಿಗಾರಿಕೆ ಈಗಾಗಲೇ ಈ ಬೆಟ್ಟಗಳನ್ನು ತಿಂದಿದೆ. ದಯವಿಟ್ಟು ಒಂದು ಚಕ್ಕೆಯನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ಅದು ಬಿದ್ದಿರುವ ಜಾಗ ತಿಳಿದರೆ ಮಾತ್ರ ಕೊಡಲಿಯ ಕಲ್ಲನ್ನು ಎಲ್ಲಿ ಒಡೆದರು, ಎಲ್ಲಿ ಉಜ್ಜಿದರು ಎಂದು ಹೇಳಲು ಸಾಧ್ಯ.